ಗೂಟಕ್ಕೆ ತೂಗಿದ ದಾರಿ

ನಮ್ಮ ಮನೆಯಲ್ಲಿ ಸಮುದ್ರಕ್ಕೆ ಹೋಗುವ ದಾರಿ ಅಡುಗೆಮನೆಯ ಗೂಟಕ್ಕೆ ತೂಗುತ್ತಿತ್ತು. ಹೀಗೆ ಹೇಳಿದರೆ ಇವತ್ತಿನವರು ನಗುತ್ತಾರೆ, ನಗಲಿ. ಅದು ಸುಮಾರು ಆರು ಮೊಳ ಉದ್ದದ ನೂಲಿನ ಹುರಿ. ಬಲಗಡೆ ಗೂಟಕ್ಕೆ ಅಪ್ಪನ ಅಂಗಿ, ಎಡಗಡೆ ಗೂಟಕ್ಕೆ ರೊಟ್ಟಿ ಬುಟ್ಟಿ, ನಡುವಿನ ಗೂಟಕ್ಕೆ ದಾರಿ. ತೆಲುಗು ಸೀಮೆಯ ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಮಗ್ಗವಿಲ್ಲದ ಮನೆ ನಮ್ಮದೊಂದೇ. ಎರಡೂ ಕಡೆ ನೇಕಾರರು, ಬೆಳಗಿನಿಂದ ಸಂಜೆಯವರೆಗೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗಗಳ ಸದ್ದು. ಅಪ್ಪನ ಹತ್ತಿರ ಒಂದು ಹಳೇ ವ್ಯಾನಿತ್ತು. ವರ್ಷವಿಡೀ ಅದರಲ್ಲಿ ನೂಲಿನ ಗಂಟು, ಸೀರೆಯ ಗಂಟು, ಮಕ್ತಲ್ ಸಂತೆಗೆ ಹೋಗುವವರು, ಗದ್ವಾಲದ ಬೀಗರ ಮನೆಗೆ ಹೋಗುವವರು. ವರ್ಷಕ್ಕೊಂದು ಸಲ ಮಾತ್ರ, ಚಳಿ ಇಳಿಯುವ ಹೊತ್ತಿಗೆ, ಅದೇ ವ್ಯಾನಿನಲ್ಲಿ ಓಣಿಯ ಹದಿನಾರು ಮಂದಿ ಅಡವಿ, ಘಟ್ಟ, ಸಮುದ್ರ ಎಲ್ಲ ನೋಡಿಕೊಂಡು ಬರುತ್ತಿದ್ದರು. ಎಂಟು ದಿನದ ಪ್ರವಾಸ. ಗಾಡಿ ಓಡಿಸುವವನು ಅಪ್ಪ, ದಾರಿ ಗೊತ್ತುಮಾಡುವವಳು ಅವ್ವ. ಆ ದಾರಿಯಲ್ಲಿ ಅವ್ವ ಒಂದು ದಿನವೂ ಹೋಗಿರಲಿಲ್ಲ.

ಹೋಗಬೇಡ ಅಂದವರು ಯಾರೂ ಇರಲಿಲ್ಲ. ಅವಳ ಹೊಟ್ಟೆಯೇ ಬಿಡುತ್ತಿರಲಿಲ್ಲ. ಗಾಲಿಯ ಮೇಲೆ ಎಂಜಿನ್ ಕೂತಿದೆ ಅಂದರೆ ಸಾಕು, ಬಸ್ಸಾಗಲಿ, ರೈಲಾಗಲಿ, ಜೀಪಾಗಲಿ, ಓಣಿಯ ತಿರುವು ದಾಟುವುದರೊಳಗೆ ಅವಳಿಗೆ ಉಂಡದ್ದೆಲ್ಲ ಹೊರಗೆ ಬರುತ್ತಿತ್ತು. ವಾಂತಿ ಅಂದರೆ ಒಂದು ಸಲ ಕಕ್ಕಿ ಬಾಯಿ ಮುಕ್ಕಳಿಸಿಕೊಳ್ಳುವಂಥದ್ದಲ್ಲ. ಕಣ್ಣುಗುಡ್ಡೆ ಮೇಲಾಗಿ, ಕೈಕಾಲು ತಣ್ಣಗಾಗಿ, ಎರಡು ದಿನ ಚಾಪೆ ಹಿಡಿಸುವಂಥದ್ದು. ಮದುವೆಯಾಗಿ ಬಂದದ್ದು ಎತ್ತಿನ ಗಾಡಿಯಲ್ಲಿ, ತವರಿಗೆ ಹೋಗಿ ಬರುತ್ತಿದ್ದದ್ದೂ ಎತ್ತಿನ ಗಾಡಿಯಲ್ಲಿ. ಬಾಗಿಲ ಮುಂದೆ ಬೇವಿನ ಮರದಡಿ ಸ್ವಂತ ವ್ಯಾನು ನಿಂತಿರುವಾಗ ಅವಳು ಬಜಾರಿಗೆ ಬಿಸಿಲಲ್ಲಿ ನಡೆದು ಹೋಗುವುದನ್ನು ನೋಡಿ ಹೊಸಬರು ಅಪ್ಪನನ್ನು ಜಿಪುಣ ಅಂದುಕೊಳ್ಳುತ್ತಿದ್ದರು. ಅಪ್ಪ ಯಾರಿಗೂ ವಿವರಿಸಲು ಹೋಗುತ್ತಿರಲಿಲ್ಲ.

ನೂಲಿನ ಹುರಿ ಹುಟ್ಟಿಕೊಂಡದ್ದು ಅಪ್ಪನ ಸಲುವಾಗಿ. ಅಪ್ಪ ಕಲಿತದ್ದು ನಾಲ್ಕನೇ ಇಯತ್ತೆ, ಅದೂ ಉರ್ದುವಿನಲ್ಲಿ, ಆಗ ಶಾಲೆಯಲ್ಲಿ ಇದ್ದದ್ದೇ ಅದು. ಮನೆಯಲ್ಲಿ ನಾವೆಲ್ಲ ಆಡುವುದು ಕನ್ನಡ, ಆದರೆ ಕೃಷ್ಣಾ ಹೊಳೆ ದಾಟಿದ ಮೇಲೆ ರಸ್ತೆ ಬದಿಯ ಬೋರ್ಡಿನಲ್ಲಿದ್ದ ಕನ್ನಡ ಅವನ ಪಾಲಿಗೆ ಬರೀ ಬಳ್ಳಿ ಬಿಡಿಸಿದ ಹಾಗಿತ್ತು. ಅವ್ವನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಮಗ್ಗದಲ್ಲಿ ಕೊನೆಯ ಸೀರೆ ಕತ್ತರಿಸಿದ ಮೇಲೆ ಉದ್ದೆಳೆಗಳ ಹಾಸಿನ ತುದಿಯಲ್ಲಿ ಮೊಳದುದ್ದ ನೂಲು ನೇಯಲು ಬಾರದೆ ಉಳಿಯುತ್ತದೆ. ಅದನ್ನು ಓಣಿಯವರು ಅವ್ವನಿಗೆ ಕೊಡುತ್ತಿದ್ದರು. ಅವಳು ಬಣ್ಣ ನೋಡಿ ಆರಿಸಿ, ತೊಡೆಯ ಮೇಲೆ ಹೊಸೆದು, ಒಂದಕ್ಕೊಂದು ಕೂಡಿಸುತ್ತಿದ್ದಳು. ನಾಲ್ಕು ಬೆರಳು ಅಗಲ ಅಂದರೆ ಒಂದು ತಾಸಿನ ದಾರಿ. ಬಯಲು ಸೀಮೆಗೆ ಅರಿಶಿನ ಬಣ್ಣ, ಅಡವಿಗೆ ಹಸಿರು, ಘಟ್ಟಕ್ಕೆ ಕಾವಿ, ಸಮುದ್ರಕ್ಕೆ ನೀಲಿ. ಒಂದು ಗಂಟು ಕಂಡರೆ ಚಹಾ, ಎರಡು ಗಂಟಿದ್ದರೆ ಊಟ, ಮೂರು ಗಂಟಿದ್ದರೆ ಅಲ್ಲಿ ರಾತ್ರಿ ವಸ್ತಿ. ಅಪ್ಪ ಅದನ್ನು ವ್ಯಾನಿನ ಕನ್ನಡಿಗೆ ಕಟ್ಟಿಕೊಂಡು, ದಾಟಿದಷ್ಟನ್ನು ಬೆರಳಿಗೆ ಸುತ್ತುತ್ತ ಹೋಗುತ್ತಿದ್ದ.

ಅವಳಿಗೆ ಇಷ್ಟೆಲ್ಲ ಹೇಗೆ ಗೊತ್ತು ಅಂದರೆ, ಕೇಳಿ ಕೇಳಿ. ಪ್ರವಾಸ ಮುಗಿಸಿ ಬಂದ ಪ್ರತಿಯೊಬ್ಬರೂ ಮರುದಿನ ನಮ್ಮ ಪಡಸಾಲೆಗೆ ಬಂದು ಚಹಾ ಕುಡಿದು ವರದಿ ಒಪ್ಪಿಸಬೇಕು. ಅವ್ವ ಬಿಡುತ್ತಲೇ ಇರಲಿಲ್ಲ. ಅಡವಿ ಯಾವ ಕಡೆಗೆ ದಟ್ಟಗಿತ್ತು, ಬೆಳಿಗ್ಗೆ ಬಿಸಿಲು ಯಾರ ಮುಖಕ್ಕೆ ಬಡಿಯಿತು, ಯಾವ ಬಾವಿಯ ನೀರು ಸವಳು, ಯಾವ ತಿರುವಿನಲ್ಲಿ ಹುಣಸೆ ಮರ, ಮರದ ಎಡಕ್ಕೆ ಗುಡಿಯೋ ದರ್ಗಾವೋ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ತಾಳೆ ನೋಡುತ್ತಿದ್ದಳು. ಯಾವ ದಿನ ಯಾರು ಯಾವ ಕಿಟಕಿಗೆ ಕೂರಬೇಕು ಎಂಬುದು ಕೂಡ ಅವಳ ತಲೆಯಲ್ಲಿರುತ್ತಿತ್ತು. ಈ ಕಾರಣಕ್ಕೆ ಪ್ರತಿ ವರ್ಷ ಪ್ರವಾಸದ ತಿಂಗಳು ನಮ್ಮ ಮನೆಯಲ್ಲಿ ಜಗಳ. ಅಪ್ಪನಿಗೆ ಹತ್ತಿರದ ದಾರಿ ಬೇಕು, ಅವ್ವನಿಗೆ ಚೆಂದದ ದಾರಿ. ರೊಟ್ಟಿ ಬಡಿಯುತ್ತಲೇ ಅವಳು ವಾದಿಸುತ್ತಿದ್ದಳು, ಮಾತು ಏರಿದಷ್ಟೂ ರೊಟ್ಟಿ ತೆಳುವಾಗುತ್ತಿತ್ತು.

"ಅಡವಿ ಹಗಲಾಗ ದಾಟಬೇಕ್ರಿ. ಕತ್ತಲಾಗ ದಾಟಿದ್ರ ಅವರು ನೋಡಿದ್ದೇನು?"

"ಡೀಸೆಲ್ ನಿಮ್ಮಪ್ಪ ಹಾಕ್ತಾನೇನು? ಸುತ್ತಾಗ್ತೈತಿ ಅಂತ ಹೇಳಾಕತ್ತೀನಿ."

"ಸುತ್ತಾದ್ರ ಆಗ್ಲಿ. ಹೊತ್ತು ಮುಳುಗೋ ಹೊತ್ತಿಗೆ ಸಮುದ್ರಕ್ಕ ಮುಟ್ಟಬೇಕು. ನೀರಾಗ ಸೂರ್ಯ ಇಳಿಯೋದು ನೋಡಬೇಕು ಮಂದಿ."

ನೋಡದ ಸೂರ್ಯನಿಗೆ, ನೋಡದ ನೀರಿಗೆ ಇಷ್ಟು ಹಟ ಮಾಡುವವಳ ಎದುರು ಅಪ್ಪ ಎಷ್ಟು ಹೊತ್ತು ನಿಂತಾನು? ಸೋತು, ಅಂಗಿ ಹಾಕಿಕೊಂಡು ಹೊರಗೆ ಹೋಗುತ್ತಿದ್ದ. ಗೆದ್ದ ಅವ್ವ ಹುರಿ ಬಿಚ್ಚಿ ನೀಲಿ ಭಾಗವನ್ನು ಇನ್ನೆರಡು ಬೆರಳು ಮುಂದಕ್ಕೆ ಸರಿಸುತ್ತಿದ್ದಳು.

ಹೊರಡುವ ದಿನವನ್ನು ನಮ್ಮಲ್ಲಿ ಪಂಚಾಂಗ ನೋಡಿ ಇಡುತ್ತಿರಲಿಲ್ಲ, ಮಗ್ಗ ನೋಡಿ ಇಡುತ್ತಿದ್ದರು. ನಾರಾಯಣಪೇಟೆಯಲ್ಲಿ ಮಗ್ಗಕ್ಕೆ ಒಂದು ಸಲ ಏರಿಸಿದ ಹಾಸಿನಲ್ಲಿ ಎಂಟು ಸೀರೆ. ಹಾಸು ಮುಗಿಯದೆ ನೇಕಾರ ಮನೆ ಬಿಟ್ಟು ಏಳುವಂತಿಲ್ಲ, ಮುಗಿದ ಮೇಲೆ ಕುಣಿಯನ್ನು ಬಹಳ ದಿನ ಖಾಲಿ ಬಿಡುವಂತೆಯೂ ಇಲ್ಲ. ಒಂಬತ್ತನೇ ದಿನಕ್ಕೆ ಹೊಸ ಹಾಸು ಏರಲೇಬೇಕೆಂದು ನಮ್ಮ ಓಣಿಯ ಕಟ್ಟುಪಾಡು. ಹಾಗಾಗಿ ಎಂಟು ಮನೆಯ ಹಾಸುಗಳು ಒಟ್ಟಿಗೆ ಮುಗಿಯುವ ಹಾಗೆ ಅವ್ವ ತಿಂಗಳ ಮೊದಲೇ ಮನೆಮನೆ ತಿರುಗುತ್ತಿದ್ದಳು. ನಾನು ಹಿಂದೆ. ಮುಂದುಳಿದವರಿಗೆ ಎರಡು ದಿನ ತಡಿ ಅನ್ನುವಳು, ಹಿಂದುಳಿದವರಿಗೆ ಸೆರಗಿಗೆ ಬುಟ್ಟಾ ಕಡಿಮೆ ಹಾಕು ಅನ್ನುವಳು. ಎದುರು ಮನೆಯ ಶಾಂತವ್ವನದೊಂದು ಎಂದೂ ಕೂಡಿ ಬರುತ್ತಿರಲಿಲ್ಲ. ಆಕೆ ಗಂಡನಿಲ್ಲದ ಹೆಂಗಸು, ಒಬ್ಬಳೇ ನೇಯುವವಳು, ಕೈ ನಿಧಾನ. ಪ್ರತಿ ವರ್ಷ ಎಲ್ಲರ ಹಾಸು ಮುಗಿದಾಗ ಆಕೆಯದು ಇನ್ನೂ ಎರಡು ಸೀರೆ ಉಳಿದಿರುತ್ತಿತ್ತು. ವ್ಯಾನು ಹೊರಡುವಾಗ ಆಕೆ ಮಗ್ಗದ ಕುಣಿಯಲ್ಲಿ ಕೂತೇ ಕಿಟಕಿಯಿಂದ ಕೈ ಬೀಸುತ್ತಿದ್ದಳು. "ಮುಂದಿನ ಸಲ ಸಮುದ್ರ ನಂದು" ಅನ್ನುತ್ತಿದ್ದಳು.

ನಾನು ಹತ್ತು ವರ್ಷದವಳಿದ್ದಾಗ ಅವ್ವನೂ ಹೊರಡುವುದೆಂದು ನಿಶ್ಚಯವಾಯಿತು. ಯಾಕೆ ಆ ವರ್ಷ ಅಂತ ನನಗೆ ತಿಳಿಯದು. ಕೇಳಿ ಕೇಳಿ ತುಂಬಿಹೋಗಿತ್ತೋ ಏನೋ. ಒಂದು ದಿನ ಊಟಕ್ಕೆ ಬಡಿಸುತ್ತ ಸುಮ್ಮನೆ ಅಂದಳು:

"ಈ ಸಲ ನಾನೂ ಬರ್ತೀನ್ರಿ. ಒಂದು ಸಲ ನೋಡಿ ಸತ್ತರ ಸಾಕು."

ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೂತ. ಆಮೇಲೆ ಶುರುವಾಯಿತು ತಾಲೀಮು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಖಾಲಿ ಹೊಟ್ಟೆಯಲ್ಲಿ ಅವ್ವ ವ್ಯಾನಿನ ಮುಂದಿನ ಸೀಟಿಗೆ ಏರುವಳು. ಒಂದು ಕೈಯಲ್ಲಿ ನಿಂಬೆಹಣ್ಣು, ಹೊಟ್ಟೆಗೆ ಒತ್ತಿ ಕಟ್ಟಿದ ಹಳೇ ಪೇಪರು, ಬಾಯಲ್ಲಿ ಶುಂಠಿ. ಮೊದಲ ದಿನ ಓಣಿಯ ಕೊನೆ. ಎರಡನೇ ದಿನ ಬಾವಿ. ವಾರಕ್ಕೆ ಬಸ್ ಸ್ಟ್ಯಾಂಡು. ಓಣಿಯ ಮಂದಿಯೆಲ್ಲ ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ವ್ಯಾನು ತಿರುಗಿ ಬಂದ ಕೂಡಲೇ ಎಲ್ಲಿವರೆಗೆ ಅಂತ ಕೇಳುತ್ತಿದ್ದರು. ಇಪ್ಪತ್ತನೆಯ ದಿನ ಮರಿಕಲ್‌ವರೆಗೆ ಹೋಗಿ, ಒಂದೇ ಸಲ ವಾಂತಿ ಮಾಡಿಕೊಂಡು, ತನ್ನ ಕಾಲಮೇಲೆ ತಾನು ಇಳಿದು ಬಂದಳು. ಶಾಂತವ್ವ ಎದುರುಬಂದು ಅವಳಿಗೆ ಆರತಿ ಎತ್ತಿದಳು, ಚೇಷ್ಟೆಗೆ. ಅವ್ವ ನಾಚಿಕೊಂಡು ನಕ್ಕಳು. ಅವಳು ಅಷ್ಟು ಸುಖವಾಗಿ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಎಂಟು ಮಗ್ಗಗಳು ಒಂದೇ ದಿನ ನಿಂತವು. ಶಾಂತವ್ವನದು ಮಾತ್ರ ಮಾಮೂಲಿನಂತೆ ಟಕಟಕ ಅನ್ನುತ್ತಿತ್ತು. ಕಟಕ ರೊಟ್ಟಿಯ ನಾಲ್ಕು ಗಂಟು, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಕೆಂಪು ಖಾರ, ಎಲ್ಲ ಏರಿತು. ಅವ್ವ ಮುಂದಿನ ಸೀಟಿನಲ್ಲಿ, ಅವಳ ಪಕ್ಕ ಕಿಟಕಿಗೆ ನಾನು. ಮಕ್ತಲ್ ದಾಟುವವರೆಗೆ ಅವಳು ಕಣ್ಣು ಮುಚ್ಚಿ ಶಿವಶಿವಾ ಅನ್ನುತ್ತಿದ್ದಳು. ಮಕ್ತಲ್ ದಾಟಿದ ಮೇಲೆ ಅದೂ ನಿಂತಿತು. ಆಮೇಲೆ ನಡೆದದ್ದನ್ನು ಬರೆಯುವುದು ಕಷ್ಟ. ನಾಲ್ಕು ಸಲ ವ್ಯಾನು ನಿಲ್ಲಿಸಿದೆವು. ಕೃಷ್ಣಾ ಹೊಳೆಯ ಸೇತುವೆಗೆ ಬರುವಷ್ಟರಲ್ಲಿ ಅವಳ ಹೊಟ್ಟೆಯಲ್ಲಿ ನೀರೂ ಉಳಿದಿರಲಿಲ್ಲ. ಅಪ್ಪ ಅವಳನ್ನು ಎತ್ತಿಕೊಂಡು ಇಳಿಸಿ ಸೇತುವೆಯ ಈಚೆಗಿದ್ದ ಬೇಲಿಯ ನೆರಳಿನಲ್ಲಿ ಮಲಗಿಸಿದ. ಹೊಳೆಯ ನೀರು ತಂದು ಮುಖಕ್ಕೆ ಚಿಮುಕಿಸಿದೆವು. ಒಳಗೆ ಕೂತವರು ಮೊದಲು ಅಯ್ಯೋ ಅಂದರು, ಆಮೇಲೆ ಹೊತ್ತೆಷ್ಟಾಯಿತೆಂದು ಬಿಸಿಲು ನೋಡತೊಡಗಿದರು. ಅವರ ತಪ್ಪೇನಿಲ್ಲ. ಅವರ ಎಂಟು ದಿನ ಅಂದರೆ ಎಂಟೇ ದಿನ. ಮೂಲೆಮನೆಯ ನರಸಪ್ಪ ಅವಸರವಾದಾಗ ತೆಲುಗಿಗೆ ತಿರುಗುವ ಮನುಷ್ಯ. ಕಿಟಕಿಯಿಂದ ತಲೆ ಹಾಕಿ, "ಅನ್ನಾ, ಏಂ ಚೇದ್ದಾಂ?" ಅಂದ. ಏನು ಮಾಡೋಣ ಅಂತ. ಅಪ್ಪ ಕನ್ನಡಿಗೆ ಕಟ್ಟಿದ್ದ ಹುರಿ ಬಿಚ್ಚಿಕೊಂಡು ಬಂದು ಅವ್ವನ ಪಕ್ಕ ಕೂತ.

ಅವ್ವನೇ ಕಣ್ಣು ತೆರೆದಳು. ಹೊಳೆದಂಡೆಯ ಊರಿನಲ್ಲಿ ಅವಳ ಚಿಕ್ಕಮ್ಮನ ಮನೆ ಇತ್ತು, ಕೂಗಳತೆಯಲ್ಲಿ.

"ನಾ ಸಣ್ಣಮ್ಮನ ಮನ್ಯಾಗ ಇರ್ತೀನ್ರಿ. ಸುಧಾರಿಸಿದ ಮ್ಯಾಲ ಗಾಡಿ ಹೂಡಿಸ್ಕೊಂಡು ಊರಿಗೆ ಹೋಗ್ತೀನಿ. ನೀವು ಮಂದೀನ ಕರಕೊಂಡು ಹೋಗ್ರಿ."

"ಹೆಂಗ್ ಹೋಗ್ಲಿ ನಾನು?"

"ನೀವು ಹೋಗದಿದ್ರ ಇವರೆಲ್ಲಾ ಮನಿಗೆ ಹೋಗಬೇಕು. ನನ್ನ ಸಲುವಾಗಿ ಹೊಳ್ಳಿ ಹೋದ್ರು ಅಂತ ಆಗ್ತೈತಿ. ಅದು ಬ್ಯಾಡ."

ಆಮೇಲೆ ನನ್ನ ಕಡೆ ತಿರುಗಿದಳು. ತುಟಿ ಒಣಗಿ ಬಿಳಿಯಾಗಿತ್ತು.

"ನೀ ನನ್ನ ಜೊತಿ ಇರ್ತಿಯೋ, ಹೋಗ್ತಿಯೋ?"

ನಾನು ಅವಳ ಮುಖ ನೋಡಲಿಲ್ಲ. ವ್ಯಾನಿನ ಕಿಟಕಿ ನೋಡಿದೆ. ಅದು ತೆರೆದಿತ್ತು, ನನ್ನ ಸೀಟು ಖಾಲಿ ಇತ್ತು. ನೋಡಿದ ದಿಕ್ಕೇ ಉತ್ತರವಾಯಿತು. ಮೇಲೇಳಲು ಆಗದ ಅವ್ವ ಮಲಗಿದಲ್ಲೇ ಕೈಚಾಚಿ ಅಪ್ಪನ ಕೈಯಿಂದ ಹುರಿ ತಗೊಂಡು ನನ್ನ ಮುಂಗೈಗೆ ಸುತ್ತಿದಳು.

"ಹೋಗಿ ನೋಡಿ ಬಾ. ಬಂದು ನನಗ ಹೇಳು. ಬಿಡಬಾರದು, ಎಲ್ಲಾ ಹೇಳಬೇಕು."

ಚಿಕ್ಕಮ್ಮನ ಮಗ ಬಂದು ಅವಳ ತೋಳು ಹಿಡಿದು ನಡೆಸಿಕೊಂಡು ಹೋದ. ವ್ಯಾನು ಸೇತುವೆಗೆ ಏರಿದಾಗ ಹಿಂದಿರುಗಿ ನೋಡಿದೆ. ಅವಳು ನಿಂತಿದ್ದಳು. ಅಪ್ಪ ಸೇತುವೆ ಮುಗಿಯುವವರೆಗೆ ಗೇರು ಬದಲಿಸಲಿಲ್ಲ.

ಹತ್ತು ವರ್ಷದ ಹುಡುಗಿಗೆ ಅಳು ಎಷ್ಟು ಹೊತ್ತು ಇರುತ್ತದೆ? ರಾಯಚೂರಿನವರೆಗೆ ಇತ್ತು. ಆಮೇಲೆ ಹುರಿ ನನ್ನ ಕೈಯಲ್ಲಿದೆ, ದಾರಿ ಹೇಳುವವಳು ನಾನು ಎಂಬ ಗತ್ತು ಬಂತು. ಇನ್ನು ಒಂದು ಗಂಟು, ಚಹಾ. ಇನ್ನು ಹುಣಸೆ ಮರ, ಬಲಕ್ಕೆ. ಅವ್ವ ಹೇಳಿದ ಮರ ಹೇಳಿದಲ್ಲೇ ಇತ್ತು, ಸವಳು ನೀರಿನ ಬಾವಿ ಸವಳಾಗಿಯೇ ಇತ್ತು. ದಾರಿಯುದ್ದಕ್ಕೂ ಬೋರ್ಡುಗಳು. ಶಾಲೆಯ ತೆಲುಗು ಅಕ್ಷರ ಇಟ್ಟುಕೊಂಡು ಕನ್ನಡವನ್ನು ಒಂದೊಂದಾಗಿ ಬಿಡಿಸಿ ಓದಿ, ಊರ ಹೆಸರು ಬಾಯಿಗೆ ಬಂದಾಗ ಕೂಗಿ ಹೇಳುತ್ತಿದ್ದೆ. ನಾನು ಕನ್ನಡ ಓದಲು ಕಲಿತದ್ದು ಹಾಗೆ, ಅವ್ವನ ಸೀಟಿನಲ್ಲಿ ಕೂತು. ಇಳಕಲ್ಲಿನಲ್ಲಿ ಅವ್ವ ಅರ್ಧ ತಾಸು ಇಟ್ಟಿದ್ದಳು. ನಮ್ಮ ನೇಕಾರರು ಅಲ್ಲಿಯ ಮಗ್ಗ ನೋಡಲು ಇಳಿದವರು ಮೂರು ತಾಸಾದರೂ ಏಳಲಿಲ್ಲ. ಅಡವಿ ಘಟ್ಟ ನೋಡಲು ಹೊರಟ ಮಂದಿ ಇನ್ನೊಬ್ಬರು ನೇಯ್ದ ಸೀರೆಯಲ್ಲಿ ಸೆರಗಿನ ಜೋಡಣೆ ಹಿಡಿದು ಎಳೆದೆಳೆದು ನೋಡುತ್ತ ವಾದಕ್ಕೆ ನಿಂತರು.

ಅವ್ವನ ಲೆಕ್ಕ ತಪ್ಪಿದ್ದು ಒಂದೇ ಕಡೆ, ಯಲ್ಲಾಪುರದ ಅಡವಿ ದಾಟಿದ ಮೇಲೆ ಆ ವರ್ಷ ಹೊಸದಾಗಿ ಆರಿಸಿದ್ದ ಘಟ್ಟದ ದಾರಿಯಲ್ಲಿ. ನೆಲ ಅಂದರೆ ಚಪ್ಪಟೆ ಎಂದು ತಿಳಿದವಳು ಅವಳು. ನಮ್ಮ ಕಡೆ ರಸ್ತೆ ಹೋಗುವುದೇ ಹಾಗೆ. ಘಟ್ಟ ಇಳಿಯಲು ಅರ್ಧ ತಾಸು ಅಂತ ಎರಡೇ ಬೆರಳು ಕಾವಿ ನೂಲು ಹೊಸೆದಿದ್ದಳು. ಆ ಎರಡು ಬೆರಳು ದಾಟಲು ನಮಗೆ ಮಧ್ಯಾಹ್ನವೆಲ್ಲ ಬೇಕಾಯಿತು. ರಸ್ತೆ ಸುತ್ತಿ ಸುತ್ತಿ ಇಳಿಯುತ್ತಿತ್ತು. ಮೊದಲು ನರಸಪ್ಪ, ಆಮೇಲೆ ಅವನ ಹೆಂಡತಿ, ಆಮೇಲೆ ಒಬ್ಬರ ಹಿಂದೆ ಒಬ್ಬರು ಎಲ್ಲರೂ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಂಡರು. ಅಲ್ಲಿವರೆಗೆ ಹೇಗಾದರೂ ಬಂದಿದ್ದರೆ ಅವ್ವ ಈ ಹದಿನಾರು ಮಂದಿಯ ಜೊತೆ ಹದಿನೇಳನೆಯವಳಾಗುತ್ತಿದ್ದಳು, ಅಷ್ಟೇ. ಅಪ್ಪನೂ ಇದನ್ನೇ ಯೋಚಿಸುತ್ತಿದ್ದ ಅಂತ ಕಾಣುತ್ತದೆ. ಸ್ಟೇರಿಂಗ್ ಹಿಡಿದು ಒಂದು ಸಲ ನನ್ನ ಕಡೆ ನೋಡಿದ, ಮತ್ತೆ ರಸ್ತೆ ನೋಡಿದ. ಹೊತ್ತು ಮುಳುಗುವ ಮೊದಲು ಸಮುದ್ರ ಮುಟ್ಟಲಾಗಲಿಲ್ಲ. ಘಟ್ಟದ ಬುಡದ ಛತ್ರವೊಂದರಲ್ಲಿ ಉಳಿದು ಬೆಳಿಗ್ಗೆ ಹೋದೆವು.

ಸಮುದ್ರದ ಬಗ್ಗೆ ನಾನು ಹೆಚ್ಚು ಬರೆಯಲಾರೆ. ತೆಂಗಿನ ಮರಗಳ ನಡುವೆ ವ್ಯಾನು ನಿಂತಿತು, ಇಳಿದು ನಾಲ್ಕು ಹೆಜ್ಜೆ ಹಾಕಿದೆ, ಎದುರಿಗೆ ಏನೂ ಇರಲಿಲ್ಲ. ದಂಡೆ ಇಲ್ಲ, ಕೊನೆ ಇಲ್ಲ, ನೀರು ಹೋಗಿ ಆಕಾಶಕ್ಕೆ ಹತ್ತಿಕೊಂಡಿತ್ತು. ಕೃಷ್ಣೆಗೆ ಪ್ರವಾಹ ಬಂದಾಗಲೂ ಆಚೆ ದಂಡೆಯ ಜಾಲಿ ಮರಗಳು ಕಾಣುತ್ತವೆ. ಇಲ್ಲಿ ಕಣ್ಣಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ನಾನು ಓಡಿದೆ. ಲಂಗ ತೋಯಿಸಿಕೊಂಡೆ, ಮರಳಲ್ಲಿ ಉರುಳಿದೆ, ಉಪ್ಪು ನೀರು ಕುಡಿದು ಉಗುಳಿದೆ, ಕಪ್ಪೆಚಿಪ್ಪು ಆರಿಸಿದೆ, ನರಸಪ್ಪನ ಹೆಂಡತಿಯನ್ನು ನೀರಿಗೆ ತಳ್ಳಿ ಬೈಸಿಕೊಂಡೆ. ಆ ದಿನವೆಲ್ಲ ಒಂದು ಸಲವೂ ನನಗೆ ಅವ್ವ ನೆನಪಾಗಲಿಲ್ಲ. ಅಪ್ಪನನ್ನು ಕೂಡ ನೋಡಲಿಲ್ಲ. ಅವನು ಇಳಿಯದೆ ವ್ಯಾನಿನಲ್ಲೇ ಕೂತಿದ್ದ ಅಂತ ಆಮೇಲೆ ಯಾರೋ ಹೇಳಿದರು. ಮರಳಿ ಹೊರಟಾಗ ಮುಂಗೈ ನೋಡಿಕೊಂಡೆ. ಹುರಿಯ ಬಣ್ಣ ಬಿಟ್ಟು ಚರ್ಮದ ಮೇಲೆ ನೀಲಿ ಗೆರೆ ಮೂಡಿತ್ತು. ಆಗ ನೆನಪಾಯಿತು.

ಊರಿಗೆ ಬಂದಾಗ ಅವ್ವ ಮನೆಯಲ್ಲಿದ್ದಳು, ಎತ್ತಿನ ಗಾಡಿಯಲ್ಲಿ ಬಂದು ಆಗಲೇ ಐದು ದಿನವಾಗಿತ್ತಂತೆ. ಪಡಸಾಲೆ ಸಾರಿಸಿ ಚಾಪೆ ಹಾಕಿದ್ದಳು. ಮರುದಿನ ಒಬ್ಬೊಬ್ಬರೇ ಬಂದು ವರದಿ ಒಪ್ಪಿಸಿದರು. ಘಟ್ಟದ ತಪ್ಪು ಕೇಳಿ ಅವಳು ಹಣೆ ಬಡಿದುಕೊಂಡಳು. ಸಮುದ್ರದ ವಿಷಯ ಬಂದಾಗ ಮಾತ್ರ ಎಲ್ಲರನ್ನೂ ಕೈಸನ್ನೆಯಿಂದ ತಡೆದಳು. ಅದನ್ನು ಮಗಳು ಹೇಳುತ್ತಾಳೆ ಅಂದಳು. ಎಲ್ಲರೂ ಹೋದ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡಳು. ಇನ್ನೂ ಸೊರಗಿದ್ದಳು, ಕಣ್ಣಿನ ಕೆಳಗೆ ಕಪ್ಪು. ನನ್ನ ಕೈ ತನ್ನ ತೊಡೆಯ ಮೇಲಿಟ್ಟುಕೊಂಡು ಕಾದಳು.

"ಹೇಳು."

ಇದ್ದದ್ದನ್ನು ಹೇಳಿದರೆ ಅವಳು ಕಳೆದುಕೊಂಡದ್ದು ಎಷ್ಟು ಅಂತ ನಾನೇ ಅಳೆದು ಕೊಟ್ಟ ಹಾಗೆ. ಅವಳನ್ನು ಬೇಲಿಯ ನೆರಳಿನಲ್ಲಿ ಬಿಟ್ಟು ನಾನು ಹೋದದ್ದು ಎಂಥದ್ದಕ್ಕೆ ಅಂತಲೂ ಗೊತ್ತಾಗುತ್ತದೆ. ನೋಡಿದ್ದು ಸಣ್ಣದಾದರೆ ಬಿಟ್ಟು ಹೋದ ತಪ್ಪೂ ಸಣ್ಣದಾಗುತ್ತದೆ ಎಂಬ ಕುಯುಕ್ತಿ ಹತ್ತು ವರ್ಷಕ್ಕೇ ನನಗೆ ಹೊಳೆದಿತ್ತು.

"ಏನಿಲ್ಲ ಬೇ. ನಮ್ಮ ಹೊಳಿ ತುಂಬಿ ಬಂದಾಗ ಇರ್ತೈತಲ್ಲ, ಹಂಗ. ಅಷ್ಟ."

"ಹೊಳಿ ಹಂಗ?" ಅಂದಳು. "ಆ ದಂಡಿ ಕಾಣ್ತೈತಾ?"

"ಕಾಣ್ತೈತಿ. ಮರ ಅದಾವ ಆ ದಂಡ್ಯಾಗ."

ಅವ್ವ ನನ್ನ ಕೈ ಬಿಡಲಿಲ್ಲ. ಆಮೇಲೆ ದೀರ್ಘವಾಗಿ ಉಸಿರು ಬಿಟ್ಟು, "ಹೋಗ್ಲಿ ಬಿಡು, ನಾ ಏನೇನೋ ಅನ್ಕೊಂಡಿದ್ದೆ" ಅಂದು ಎದ್ದು ಒಲೆ ಹೊತ್ತಿಸಲು ಹೋದಳು. ಅವಳ ಹೆಜ್ಜೆ ಹಗುರಾಗಿತ್ತು. ನನಗೂ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ಕೆಲಸ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಮುಂದಿನ ವರ್ಷ ಹೊಸ ಹುರಿ ಗೂಟಕ್ಕೆ ಬಂದಾಗ ಅದರಲ್ಲಿ ನೀಲಿ ಇರಲಿಲ್ಲ. ಘಟ್ಟದ ಕಾವಿ ಬಣ್ಣವನ್ನು ಈ ಸಲ ಸರಿಯಾಗಿ ಉದ್ದ ಮಾಡಿದ್ದಳು, ಆದರೆ ಅದರ ಮುಂದೆ ಮತ್ತೆ ಹಸಿರು ಬಂದು, ದಾರಿ ಇಳಿಯುವ ಬದಲು ಅಡವಿಯೊಳಗೇ ಸುತ್ತಿ ಹಿಂದಿರುಗುತ್ತಿತ್ತು. ಅಪ್ಪ ಹುರಿಯನ್ನು ಕೈಯಲ್ಲಿ ಎರಡು ಸಲ ಓಡಿಸಿ ನೋಡಿದ.

"ಸಮುದ್ರ ಎಲ್ಲೈತಿ?"

"ತಗದೀನ್ರಿ. ಹೊಳಿ ನೋಡಾಕ ಅಷ್ಟು ದೂರ ಯಾಕ ಹೋಗಬೇಕು? ಎರಡು ದಿನ ಉಳೀತಾವು, ಅಡವ್ಯಾಗ ಇರ್ಲಿ ಮಂದಿ."

"ಹೊಳಿ ಅಲ್ಲ ಅದು. ವರ್ಷಾ ನೋಡ್ತೀನಿ ನಾನು."

"ನೀವು ಗಾಡಿ ನೋಡ್ತೀರಿ, ಟೈರ್ ನೋಡ್ತೀರಿ. ಮಂದಿ ಏನರ ಬಣ್ಣಾ ಕಟ್ಟಿ ಹೇಳ್ತಾರ. ನನ್ನ ಮಗಳು ಕಣ್ಣಾರೆ ನೋಡಿ ಬಂದಾಳ."

ಅಪ್ಪ ನನ್ನ ಕಡೆ ತಿರುಗಿದ. ನಾನು ರೊಟ್ಟಿ ಬುಟ್ಟಿಯ ಬಟ್ಟೆ ಮಡಿಸುತ್ತಿದ್ದೆ, ಮಡಿಸಿದ್ದನ್ನೇ ಬಿಚ್ಚಿ ಮಡಿಸಿದೆ. ಇಷ್ಟು ವರ್ಷ ಕೇಳಿ ಕೂಡಿಟ್ಟ ಎಲ್ಲರ ಮಾತನ್ನು ಅವಳು ನನ್ನ ಒಂದು ಮಾತಿಗೆ ಎತ್ತಿ ಎಸೆದಿದ್ದಳು. ಆಗಲೇ ಹೇಳಬಹುದಿತ್ತು. ಹೇಳಿದರೆ ಎರಡು ಪೆಟ್ಟು ಬೀಳುತ್ತಿತ್ತು, ಅದು ದೊಡ್ಡದಲ್ಲ. ಆದರೆ ಆ ವರ್ಷವೆಲ್ಲ ಅವ್ವ ಒಮ್ಮೆಯೂ ನೋಡಿ ಸಾಯಬೇಕು ಅಂದಿರಲಿಲ್ಲ. ಅದನ್ನು ಅಪ್ಪನೂ ನೋಡಿದ್ದ. ಅವನು ಹುರಿಯನ್ನು ಗೂಟಕ್ಕೆ ಹಾಕಿ ಹೊರಗೆ ಹೋದ. ಓಣಿಯವರು ಕೇಳಿದರೆ ಗಾಡಿ ಹಳೇದಾಗೈತಿ, ಘಟ್ಟ ಇಳಿಯಂಗಿಲ್ಲ ಅಂದ. ನಾವಿಬ್ಬರೂ ಈ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ.

ಆ ವರ್ಷವೇ ಶಾಂತವ್ವನ ಹಾಸು ಎಲ್ಲರ ಜೊತೆ ಮುಗಿದದ್ದು. ಅವಳು ಎರಡು ತಿಂಗಳು ಊಟದ ಹೊತ್ತಿನಲ್ಲೂ ಕುಣಿಯಿಂದ ಏಳದೆ ನೇಯ್ದಿದ್ದಳು. ಸಮುದ್ರವಿಲ್ಲ ಅಂತ ಗೊತ್ತಾದಾಗ ಇರಲಿ, ಅಡವಿಯಾದರೂ ಆಯಿತು ಅಂದು ವ್ಯಾನು ಹತ್ತಿದಳು. ಬಂದ ಮೇಲೆ ಅಡವಿ ಚೆಂದಿತ್ತು ಅಂತಲೇ ವರದಿ ಕೊಟ್ಟಳು. ಹೋಗುವಾಗ ನನ್ನ ಗಲ್ಲ ಹಿಡಿದು, "ನೀನರ ನೋಡಿ ಬಂದೆಲ್ಲವ್ವ" ಅಂದಳು. ಆ ಮಾತಿನಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಹಿತ್ತಲಿಗೆ ಹೋಗಿ ಅತ್ತೆ. ಮರುವರ್ಷ ಅಪ್ಪನ ಬೆನ್ನು ಹಿಡಿದುಕೊಂಡಿತು, ವ್ಯಾನು ಮಾರಿದರು, ಪ್ರವಾಸ ನಿಂತೇಹೋಯಿತು. ಶಾಂತವ್ವ ಸಮುದ್ರ ನೋಡದೆ ಸತ್ತಳು. ಅವ್ವನನ್ನು ಅವಳ ಹೊಟ್ಟೆ ತಡೆಯಿತು. ಶಾಂತವ್ವನನ್ನು ತಡೆದವಳು ನಾನು.

ಈಗ ಅವ್ವ ಗದ್ವಾಲದಲ್ಲಿ ನನ್ನ ಜೊತೆಗಿದ್ದಾಳೆ. ನಾರಾಯಣಪೇಟೆಯಿಂದ ಅವಳನ್ನು ಕರೆತಂದದ್ದು ಎತ್ತಿನ ಗಾಡಿಯಲ್ಲೇ, ಎರಡು ದಿನ ಹಿಡಿಯಿತು. ಎಂಬತ್ತು ದಾಟಿದೆ, ಕಣ್ಣು ಮಂಜಾಗಿವೆ, ಕಿವಿ ಚೆನ್ನಾಗಿದೆ. ಹೋದ ತಿಂಗಳು ನನ್ನ ಮಗಳು ಸವಿತಾ ಗಂಡ ಮಕ್ಕಳೊಂದಿಗೆ ಕಾರಿನಲ್ಲಿ ಪ್ರವಾಸ ಹೊರಟಳು. ಫೋನಿನಲ್ಲಿ ನಕ್ಷೆ ಇದ್ದರೂ ಮರ್ಯಾದೆಗೆ ಅಜ್ಜಿಯ ಹತ್ತಿರ ಕೂತು ದಾರಿ ಕೇಳಿದಳು. ಅವ್ವ ಬೆರಳು ಮಡಿಸುತ್ತ ರಾಯಚೂರಿನಿಂದ ಶುರುಮಾಡಿ ಬಾವಿ, ಹುಣಸೆಮರ, ಅಡವಿ ಎಲ್ಲ ಹೇಳಿದಳು. ಘಟ್ಟದ ಬಳಿ ಬಂದು, ಅಲ್ಲಿಂದ ಹಿಂದಕ್ಕ ಹೊಳ್ಳಿರಿ, ಕೆಳಗ ಬರೀ ಹೊಳಿ ಐತಿ, ಅಂದಳು. ಸವಿತಾ ನನ್ನ ಮುಖ ನೋಡಿದಳು. ನಾನು ಅಡುಗೆಮನೆಗೆ ಎದ್ದು ಹೋದೆ. ಮಗಳು ಅಜ್ಜಿಯ ಮಾತು ಕೇಳುವವಳಲ್ಲ. ನಾಲ್ಕನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ವಿಡಿಯೋ ಕಾಲ್ ಬಂತು. ತೆರೆದರೆ ಸಮುದ್ರ. ಅಂದು ಅಲ್ಲಿ ಝಳಝಳ ಬಿಸಿಲು, ಚುಕ್ಕೆ ಮೋಡವಿಲ್ಲ, ಅದೇ ನೀರು ಅದೇ ಆಕಾಶಕ್ಕೆ ಹತ್ತಿಕೊಂಡಿತ್ತು. ಅಜ್ಜಿ ನೋಡಲಿ, ಅಜ್ಜಿಗೆ ಕೊಡು ಅಂತ ಸವಿತಾ ಅಲೆಯ ಸದ್ದಿನ ಮೇಲೆ ಕೂಗುತ್ತಿದ್ದಳು. ಕೊಡದೆ ಇರಲು ನನ್ನ ಹತ್ತಿರ ನೆಪವಿರಲಿಲ್ಲ.

ಅವ್ವ ಫೋನನ್ನು ಸೆರಗಿನಿಂದ ಒರೆಸಿ ಕಣ್ಣಿನ ಹತ್ತಿರ ಹಿಡಿದಳು. ದೂರ ಹಿಡಿದಳು. ತಲೆ ಅತ್ತ ಇತ್ತ ವಾಲಿಸಿ ನೋಡಿದಳು. ಹೇಳುವುದಿದ್ದರೆ ಇದೇ ಹೊತ್ತು ಅಂತ ನನಗೆ ಗೊತ್ತಿತ್ತು. ಬಾಯಿಯನ್ನೂ ತೆರೆದೆ.

"ಆ ದಂಡಿ ಎಲ್ಲೈತಿ?" ಅಂದಳು.

"ಮಂಜು ಬಿದ್ದೈತಿ ಬೇ" ಅಂದೆ. "ಕಾಣವಲ್ದು."

"ಹೌದೇನು, ಮಂಜು." ಅವಳು ತಲೆಯಾಡಿಸಿದಳು. "ಸವಿತಾಗ ಹೇಳು, ಫೋನ್ ಇಡಬ್ಯಾಡಂತ. ಸರೀತೈತಿ, ಸರಿದ ಮ್ಯಾಲ ನೋಡ್ತೀನಿ."

ಮತ್ತೆ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕಾಯತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳ ಕೈ ಸೋಲತೊಡಗಿತು. ನಾನು ಅವಳ ಮೊಣಕೈಗಳ ಕೆಳಗೆ ಕೈ ಕೊಟ್ಟು ಹಿಡಿದುಕೊಂಡು ಕೂತೆ.